ಇನ್ನರ್ ಫಾರ್ನ್ ದ್ವೀಪಯಾನ: ಮೇಲೆ ಹಾರುವ ಶತ್ರುವಿಗೆ ಕಡಲ ಹಕ್ಕಿಗಳು ಹೇಗೆ ಉತ್ತರಿಸುತ್ತವೆ ಎಂಬುದನ್ನು ನೋಡಬಯಸುವವರಿಗಾಗಿ ಒಂದು ವಿಮರ್ಶೆ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ನಾರ್ತಂಬರ್‌ಲ್ಯಾಂಡಿನಲ್ಲಿರುವ ಸೀಹೌಸಸ್ ಎಂಬ ಸಣ್ಣ ಬಂದರಿನಿಂದ ಫಾರ್ನ್ ದ್ವೀಪಗಳಿಗೆ ಬೇಸಿಗೆಯುದ್ದಕ್ಕೂ ಪ್ರವಾಸಿ ದೋಣಿಗಳು ಹೊರಡುತ್ತವೆ. ಬಂದರಿನ ಟಿಕೆಟ್ ಗೂಡುಗಳ ಮೇಲೆ ಬಣ್ಣದ ಕೊಕ್ಕಿನ ಪಫಿನ್‌ನ ಚಿತ್ರವೇ ಎದ್ದು ಕಾಣುವುದರಿಂದ ಬಹಳ ಮಂದಿ ಇದನ್ನು ಪಫಿನ್ ನೋಡಿ ಬರುವ ವಿಹಾರವೆಂದೇ ತಿಳಿದು ಬರುತ್ತಾರೆ. ಪಫಿನ್ ಖಂಡಿತವಾಗಿ ಕಾಣುತ್ತದೆ, ಅದೂ ಬಹಳ ಹತ್ತಿರದಿಂದ. ಆದರೆ ಈ ಯಾನಕ್ಕೆ ಕೊಟ್ಟ ಹಣ ಸಾರ್ಥಕವಾಗುವುದು ಇನ್ನೊಂದು ಕಾರಣಕ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಆಕಾಶದ ಕೆಳಗೆ, ಒಂದೇ ಬಗೆಯ ಶತ್ರುಗಳ ನೆರಳಿನಲ್ಲಿ ಬದುಕುವ ಐದಾರು ಜಾತಿಯ ಹಕ್ಕಿಗಳು ತಮ್ಮ ಮೊಟ್ಟೆ ಮರಿಗಳನ್ನು ಉಳಿಸಿಕೊಳ್ಳಲು ಎಷ್ಟು ಬೇರೆ ಬೇರೆ ದಾರಿಗಳನ್ನು ಹಿಡಿದಿವೆ ಎಂಬುದನ್ನು ಕೆಲವೇ ಅಡಿಗಳ ಅಂತರದಲ್ಲಿ ನಿಂತು ನೋಡುವ ಅವಕಾಶ ಇಲ್ಲಿ ಸಿಗುತ್ತದೆ. ನಾನು ಈ ಸೇವೆಯನ್ನು ತೂಗಿ ನೋಡಿರುವುದು ಆ ಒಂದು ದೃಷ್ಟಿಯಿಂದಲೇ.

ಮೊದಲು ವ್ಯವಸ್ಥೆಯ ವಿಚಾರ. ಫಾರ್ನ್ ದ್ವೀಪಗಳು 1925ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಒಡೆತನದಲ್ಲಿವೆ. ದೋಣಿಗಳನ್ನು ನಡೆಸುವವರು ಖಾಸಗಿಯವರು. ಹಾಗಾಗಿ ದೋಣಿಯ ಟಿಕೆಟ್ಟಿನ ಜೊತೆಗೆ ದ್ವೀಪದ ಮೇಲೆ ಇಳಿಯಲು ಟ್ರಸ್ಟ್‌ಗೆ ಪ್ರತ್ಯೇಕ ಶುಲ್ಕ ಕೊಡಬೇಕಾಗುತ್ತದೆ. ಟ್ರಸ್ಟ್‌ನ ಸದಸ್ಯರಾಗಿದ್ದರೆ ಆ ಶುಲ್ಕವಿಲ್ಲ. ದ್ವೀಪಗಳ ಸುತ್ತ ಹಾಯ್ದು ಬರುವ ಯಾನ ಒಂದು ಬಗೆ, ಅವುಗಳಲ್ಲೊಂದಾದ ಇನ್ನರ್ ಫಾರ್ನ್‌ನಲ್ಲಿ ಸುಮಾರು ಒಂದು ಗಂಟೆ ಇಳಿಸುವ ಯಾನ ಇನ್ನೊಂದು ಬಗೆ. ಇವೆರಡರಲ್ಲಿ ಇಳಿಯುವ ಯಾನವನ್ನೇ ಆರಿಸಿಕೊಳ್ಳಬೇಕು ಎಂದು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ದೋಣಿಯಲ್ಲಿ ಕುಳಿತವರಿಗೆ ಹಕ್ಕಿಗಳ ಸಂಖ್ಯೆ ಕಾಣುತ್ತದೆ. ಅವುಗಳ ನಡವಳಿಕೆ ಅರ್ಥವಾಗಲು ನೆಲದ ಮೇಲೆ ನಿಲ್ಲಬೇಕು. 2022ರಲ್ಲಿ ಹಕ್ಕಿಜ್ವರ ಹರಡಿ ಇಲ್ಲಿ 6,000ಕ್ಕೂ ಹೆಚ್ಚು ಸತ್ತ ಹಕ್ಕಿಗಳನ್ನು ಆರಿಸಬೇಕಾಗಿ ಬಂದಾಗ ಇಳಿಯುವುದನ್ನು ನಿಲ್ಲಿಸಲಾಗಿತ್ತು. 2024ರ ವಸಂತದಲ್ಲಿ ಇನ್ನರ್ ಫಾರ್ನ್ ಮತ್ತೆ ತೆರೆಯಿತು. ಈ ಹಿನ್ನೆಲೆ ತಿಳಿದಿದ್ದರೆ ಅಲ್ಲಿನ ಕಾವಲುಗಾರರು ಹಲಗೆ ದಾರಿಯಿಂದ ಆಚೆ ಕಾಲಿಡಬೇಡಿ ಎಂದು ಮತ್ತೆ ಮತ್ತೆ ಹೇಳುವುದರ ಹಿಂದಿನ ಕಾಳಜಿ ತಾನಾಗಿ ಅರ್ಥವಾಗುತ್ತದೆ.

ಇಳಿದ ಕೂಡಲೇ ಎದುರಾಗುವುದು ಆರ್ಕ್ಟಿಕ್ ಟರ್ನ್. ಸುಮಾರು ನೂರು ಗ್ರಾಂ ತೂಕದ, ಕಪ್ಪು ಟೋಪಿ ಮತ್ತು ಕಡುಗೆಂಪು ಕೊಕ್ಕಿನ ಈ ಹಕ್ಕಿ ದಾರಿಯ ಅಂಚಿನಲ್ಲೇ, ಕೆಲವೊಮ್ಮೆ ಹಲಗೆಯಿಂದ ಒಂದು ಗೇಣು ದೂರದಲ್ಲಿ ಮೊಟ್ಟೆಯಿಟ್ಟಿರುತ್ತದೆ. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಈ ದ್ವೀಪಗಳ ಟರ್ನ್‌ಗಳ ಕಾಲಿಗೆ 2015ರಲ್ಲಿ ಪುಟ್ಟ ಜಾಡುಯಂತ್ರಗಳನ್ನು ಕಟ್ಟಿದ್ದರು. ಅವುಗಳಲ್ಲೊಂದು ಅಂಟಾರ್ಕ್ಟಿಕಾದ ಕಡೆಗೆ ಹೋಗಿ 2016ರ ಮೇ ತಿಂಗಳಲ್ಲಿ ಮರಳುವಷ್ಟರಲ್ಲಿ ಸುಮಾರು 96,000 ಕಿಲೋಮೀಟರ್ ಹಾರಿತ್ತು. ವರ್ಷದ ಬಹುಪಾಲು ಕಡಲ ಮೇಲೆಯೇ ಕಳೆಯುವ ಇಂತಹ ಹಕ್ಕಿ ನೆಲಕ್ಕೆ ಅಂಟಿಕೊಂಡಿರುವುದು ಬೇಸಿಗೆಯ ಕೆಲವೇ ವಾರಗಳು ಮಾತ್ರ. ಮೂರು ವಾರ ಕಾವು ಕೊಡಬೇಕು, ಮರಿ ಹಾರುವಂತಾಗಲು ಇನ್ನೂ ಮೂರ್ನಾಲ್ಕು ವಾರ ಬೇಕು, ಗೂಡೆಂದರೆ ನೆಲದ ಮೇಲಿನ ಒಂದು ತಗ್ಗು ಅಷ್ಟೇ. ಬಚ್ಚಿಡಲು ಬಿಲವಿಲ್ಲ, ಏರಲು ಬಂಡೆಯಿಲ್ಲ. ಆದುದರಿಂದ ಅದು ದಾಳಿಯನ್ನೇ ತನ್ನ ರಕ್ಷಣೆಯಾಗಿ ಮಾಡಿಕೊಂಡಿದೆ.

ದೋಣಿ ಹತ್ತುವ ಮೊದಲೇ ಟೋಪಿ ತನ್ನಿ ಎಂದು ಎಲ್ಲರೂ ಹೇಳುತ್ತಾರೆ. ಆ ಸಲಹೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಟರ್ನ್ ಮೇಲಿನಿಂದ ಎರಗಿ ನಮ್ಮ ದೇಹದ ಅತಿ ಎತ್ತರದ ಭಾಗವನ್ನು ಕುಕ್ಕುತ್ತದೆ, ಬರಿದಲೆಯಾದರೆ ರಕ್ತ ಬರುವುದುಂಟು. ಕೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದರೆ ಅದರ ಗುರಿ ಕೈಯಾಗುತ್ತದೆ. ಇದನ್ನು ಹಕ್ಕಿಯ ಸಿಟ್ಟು ಎಂದು ನೋಡಿ ನಕ್ಕು ಮುಂದೆ ಹೋಗುವವರೇ ಹೆಚ್ಚು. ನಿಂತು ನೋಡಿದರೆ ಅದರಲ್ಲಿ ಒಂದು ಕ್ರಮ ಕಾಣುತ್ತದೆ. ಮೊದಲು ತೀಕ್ಷ್ಣವಾದ ಎಚ್ಚರಿಕೆಯ ಕೂಗು, ಆಮೇಲೆ ತಲೆಯ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತ ನಿಲ್ಲುವುದು, ಆಮೇಲೆ ಎರಗಿದಂತೆ ಮಾಡಿ ಮುಟ್ಟದೆ ಮೇಲೇರುವುದು, ಕೊನೆಗೆ ನಿಜವಾದ ಪೆಟ್ಟು. ಮೊಟ್ಟೆಯಿಟ್ಟ ಹೊಸದರಲ್ಲಿ ಅನೇಕ ಹಕ್ಕಿಗಳು ಮೊದಲ ಹಂತಗಳಲ್ಲೇ ನಿಲ್ಲುತ್ತವೆ. ಮೊಟ್ಟೆ ಒಡೆಯುವ ಹೊತ್ತಿಗೆ ಮತ್ತು ಮರಿ ಚಿಕ್ಕದಿರುವಾಗ ಅವು ಕೊನೆಯ ಹಂತಕ್ಕೆ ಬೇಗ ತಲುಪುತ್ತವೆ. ಕಳೆದುಕೊಳ್ಳುವುದು ಹೆಚ್ಚಾದಂತೆ ಅಪಾಯಕ್ಕೆ ಮೈಯೊಡ್ಡುವ ಧೈರ್ಯವೂ ಹೆಚ್ಚುತ್ತದೆ. ಮೇ ಕೊನೆಗೆ ಹೋದವರಿಗೂ ಜೂನ್ ಮೂರನೇ ವಾರ ಹೋದವರಿಗೂ ಒಂದೇ ದ್ವೀಪ ಬೇರೆ ಬೇರೆಯಾಗಿ ಕಾಣುವುದು ಈ ಕಾರಣಕ್ಕೆ.

ಆದರೆ ನಮ್ಮ ತಲೆಯ ಮೇಲಿನ ಗದ್ದಲದಲ್ಲೇ ಮುಳುಗಿಬಿಟ್ಟರೆ ಅದಕ್ಕಿಂತ ಮುಖ್ಯವಾದದ್ದು ಕಣ್ಣು ತಪ್ಪುತ್ತದೆ. ಚರ್ಚಿನ ಅಂಗಳ ದಾಟಿದ ಮೇಲೆ, ಟರ್ನ್‌ಗಳು ಸ್ವಲ್ಪ ವಿರಳವಾಗಿರುವ ಕಡೆ ಒಂದು ಮೂಲೆಯಲ್ಲಿ ನಿಂತು, ದೂರದಿಂದ ದೊಡ್ಡ ಸೀಗಲ್ ಒಂದು ಕಾಲೊನಿಯ, ಎಂದರೆ ಹಕ್ಕಿಗಳು ಗುಂಪಾಗಿ ಗೂಡು ಮಾಡಿರುವ ನೆಲೆಯ, ಮೇಲೆ ಹಾದು ಬರುವುದನ್ನು ಕಾಯಿರಿ. ಹೆಚ್ಚು ಹೊತ್ತು ಕಾಯಬೇಕಾಗಿಲ್ಲ. ಹೆರಿಂಗ್ ಗಲ್ ಮತ್ತು ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್ ಎರಡೂ ಮೊಟ್ಟೆ ಮರಿಗಳನ್ನು ಎತ್ತಿಕೊಂಡು ಹೋಗುವಂಥವು. ಅವು ಬರುತ್ತಿದ್ದಂತೆ ಇಡೀ ಕಾಲೊನಿ ಏಳುವುದಿಲ್ಲ. ಸೀಗಲ್ ಯಾರ ಮೇಲೆ ಹಾದು ಹೋಗುತ್ತಿದೆಯೋ ಆ ತುಣುಕಿನ ಹಕ್ಕಿಗಳಷ್ಟೇ ಎದ್ದು ಹಿಂದಿನಿಂದ ಮತ್ತು ಮೇಲಿನಿಂದ ಎರಗುತ್ತವೆ. ಅದು ಮುಂದೆ ಸರಿದಂತೆ ಅಲ್ಲಿನವು ಏಳುತ್ತವೆ, ಇಲ್ಲಿನವು ಕೂರುತ್ತವೆ. ಸೀಗಲ್‌ನ ಜೊತೆ ಜೊತೆಗೆ ಒಂದು ಬಿಳಿಯ ಅಲೆ ದ್ವೀಪದ ಮೇಲೆ ಸಾಗಿದಂತೆ ಕಾಣುತ್ತದೆ. ಕೆಳಗೆ ಮರಿಗಳು ಎಚ್ಚರಿಕೆಯ ಕೂಗು ಕೇಳಿದೊಡನೆ ಹುಲ್ಲಿನ ನಡುವೆ ನೆಲಕ್ಕೆ ಒತ್ತಿಕೊಂಡು ಅಲ್ಲಾಡದೆ ಉಳಿಯುತ್ತವೆ. ಅವುಗಳ ಮೈಬಣ್ಣ ನೆಲದ ಬಣ್ಣಕ್ಕೆ ಎಷ್ಟು ಹೊಂದುತ್ತದೆಂದರೆ ಅಲ್ಲಾಡದ ಮರಿಯನ್ನು ಎರಡು ಅಡಿ ದೂರದಿಂದ ಹುಡುಕುವುದೂ ಕಷ್ಟ.

ಪೆರೆಗ್ರಿನ್ ಡೇಗೆ ಬಂದಾಗ ಉತ್ತರ ಪೂರ್ತಿ ಬೇರೆ. ಸೀಗಲ್ ಮೊಟ್ಟೆಗೆ ಶತ್ರು. ಡೇಗೆ ಬೆಳೆದ ಹಕ್ಕಿಯ ಜೀವಕ್ಕೇ ಶತ್ರು. ಅದನ್ನು ಗುಂಪುಗೂಡಿ ಓಡಿಸಲು ಹೋಗುವುದು ಟರ್ನ್‌ಗೆ ಲಾಭದ ಕೆಲಸವಲ್ಲ. ಆಗ ಕ್ಷಣಾರ್ಧದಲ್ಲಿ ಕಾಲೊನಿಯ ಗದ್ದಲವೆಲ್ಲ ನಿಂತುಹೋಗುತ್ತದೆ. ನೂರಾರು ಹಕ್ಕಿಗಳು ಒಟ್ಟಾಗಿ, ಸದ್ದಿಲ್ಲದೆ, ನೆಲಕ್ಕೆ ಹತ್ತಿರದಲ್ಲಿ ಹಾರಿ ಕಡಲಿನ ಮೇಲೆ ಚಾಚಿಕೊಳ್ಳುತ್ತವೆ. ಸ್ವಲ್ಪ ಹೊತ್ತಿನಲ್ಲಿ ಮೇಲೇರಿ, ಮತ್ತೆ ಕೂಗುತ್ತ ಮರಳಿ ಬರುತ್ತವೆ. ಟರ್ನ್‌ಗಳನ್ನು ಬಲ್ಲವರೆಲ್ಲ ಹೇಳುವಂತೆ ಇಂತಹ ಹಠಾತ್ ಹಾರಾಟ ಎಷ್ಟೋ ಸಲ ಯಾವ ಡೇಗೆಯೂ ಕಾಣದಿರುವಾಗಲೂ ನಡೆಯುತ್ತದೆ, ಅದರಲ್ಲೂ ಹಕ್ಕಿಗಳು ಆಗಷ್ಟೇ ಬಂದು ನೆಲೆಯೂರುತ್ತಿರುವ ದಿನಗಳಲ್ಲಿ ಹೆಚ್ಚು. ಇಳಿದವರಲ್ಲಿ ಅನೇಕರು ಆ ಕ್ಷಣದಲ್ಲಿ ಕ್ಯಾಮೆರಾದ ಪರದೆ ನೋಡುತ್ತಿರುತ್ತಾರೆ. ಗದ್ದಲ ಇದ್ದಕ್ಕಿದ್ದಂತೆ ನಿಂತರೆ ತಲೆಯೆತ್ತಿ ಮೊದಲು ಆಕಾಶವನ್ನು, ಆಮೇಲೆ ನೀರನ್ನು ನೋಡಿ ಎಂಬುದು ಅಲ್ಲಿಗೆ ಹೋಗುವ ಪ್ರತಿಯೊಬ್ಬರಿಗೂ ನನ್ನ ಸಲಹೆ.

ಶತ್ರು ಯಾರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ ಎಂಬ ಮಾತನ್ನು ಬ್ರಿಟನ್ನಿನಲ್ಲಿ ಕೆಲಸ ಮಾಡಿದ ವಿಜ್ಞಾನಿಗಳು ಬಹಳ ಹಿಂದೆಯೇ ಪ್ರಯೋಗಗಳಿಂದ ತೋರಿಸಿಕೊಟ್ಟಿದ್ದಾರೆ. ಇದೇ ಇಂಗ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಕಂಬ್ರಿಯಾದ ರೇವನ್‌ಗ್ಲಾಸ್ ಬಳಿಯ ಮರಳುದಿಬ್ಬಗಳಲ್ಲಿ, ಕಪ್ಪುತಲೆಯ ಸೀಗಲ್‌ಗಳ ಕಾಲೊನಿಯೊಂದಿತ್ತು. ಅಲ್ಲಿ ಹ್ಯಾನ್ಸ್ ಕ್ರೂಕ್ 1960ರ ದಶಕದ ಆರಂಭದಲ್ಲಿ ಕೋಳಿಮೊಟ್ಟೆಗಳನ್ನು ಕಾಲೊನಿಯ ಹೊರಗಿನಿಂದ ಒಳಗಿನವರೆಗೆ ಸಾಲಾಗಿ ಇಟ್ಟು ನೋಡಿದರು. ಕಾಗೆಗಳು ಹೊರಗಿನ ಮೊಟ್ಟೆಗಳನ್ನು ಸುಲಭವಾಗಿ ಕದ್ದೊಯ್ದವು. ಒಳಗೆ ಹೋದಂತೆ ಸೀಗಲ್‌ಗಳ ದಾಳಿ ಹೆಚ್ಚಿ ಕಾಗೆಗಳಿಗೆ ನಿಂತು ಹುಡುಕಲು ಬಿಡುವೇ ಸಿಗಲಿಲ್ಲ. ಗುಂಪಾಗಿ ಎರಗುವುದು ಬರೀ ಆವೇಶವಲ್ಲ, ಅದರಿಂದ ಮೊಟ್ಟೆ ಉಳಿಯುತ್ತದೆ ಎಂಬುದಕ್ಕೆ ಅಷ್ಟು ನೇರವಾದ ಪುರಾವೆ ಅದಕ್ಕೆ ಮುಂಚೆ ಇರಲಿಲ್ಲ ಎನ್ನಬಹುದು. ಅದೇ ಸ್ಥಳದಲ್ಲಿ ನಿಕೊ ಟಿಂಬರ್ಗನ್ ಮತ್ತು ಅವರ ಜೊತೆಗಾರರು, ಮರಿ ಹೊರಬಂದ ಮೇಲೆ ಒಡೆದ ಚಿಪ್ಪನ್ನು ತಾಯ್ತಂದೆ ಹಕ್ಕಿಗಳು ಏಕೆ ದೂರ ಒಯ್ದು ಬಿಸಾಡುತ್ತವೆ ಎಂದು ಪರೀಕ್ಷಿಸಿದರು. ಚಿಪ್ಪಿನ ಒಳಗಿನ ಬಿಳಿ ಬಣ್ಣ ಮೇಲೆ ಹಾರುವ ಕಾಗೆಗಳಿಗೂ ದೊಡ್ಡ ಸೀಗಲ್‌ಗಳಿಗೂ ಗೂಡಿನ ಸುಳಿವು ಕೊಡುತ್ತದೆ, ಚಿಪ್ಪು ಹತ್ತಿರ ಬಿದ್ದಿದ್ದ ಮೊಟ್ಟೆಗಳು ಹೆಚ್ಚು ಬೇಗ ಕಳುವಾದವು ಎಂಬುದು ಅವರು ಕಂಡ ಸಂಗತಿ. ಟಿಂಬರ್ಗನ್‌ರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ಪ್ರಾಣಿಗಳ ನಡವಳಿಕೆಯನ್ನು ಹೀಗೆ ಅವುಗಳ ನೆಲೆಯಲ್ಲೇ ಅಧ್ಯಯನ ಮಾಡಿದ್ದಕ್ಕೆ.

ಇಷ್ಟು ಹೇಳಲು ಕಾರಣ, ಆ ಕಥೆಯ ಇನ್ನೊಂದು ಅರ್ಧ ಇನ್ನರ್ ಫಾರ್ನ್‌ನ ಬಂಡೆಗಳ ಮೇಲೆಯೇ ಬರೆಯಲ್ಪಟ್ಟಿತು. ಟಿಂಬರ್ಗನ್‌ರ ಶಿಷ್ಯೆ ಎಸ್ತರ್ ಕಲೆನ್ 1950ರ ದಶಕದಲ್ಲಿ ಈ ದ್ವೀಪಗಳಲ್ಲಿ ತಂಗಿ ಕಿಟ್ಟಿವೇಕ್ ಎಂಬ ಸಣ್ಣ ಸೀಗಲ್‌ಗಳನ್ನು ಗಮನಿಸಿ 1957ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಕಿಟ್ಟಿವೇಕ್ ಕಡಿದಾದ ಬಂಡೆಯ ಅಂಗೈ ಅಗಲದ ಚಾಚಿನ ಮೇಲೆ ಮಣ್ಣು ಮತ್ತು ಹುಲ್ಲಿನಿಂದ ಬಟ್ಟಲಿನಂತಹ ಗೂಡು ಕಟ್ಟುತ್ತದೆ. ಆ ಚಾಚಿನ ಮೇಲೆ ದೊಡ್ಡ ಸೀಗಲ್‌ಗೆ ಇಳಿಯಲು ಸ್ಥಳವಿಲ್ಲ, ಬಂಡೆಗೆ ಬಡಿಯುವ ಗಾಳಿಯಲ್ಲಿ ಅದಕ್ಕೆ ನಿಲ್ಲಲೂ ಆಗುವುದಿಲ್ಲ. ಹೀಗಾಗಿ ನೆಲದಲ್ಲಿ ಗೂಡು ಮಾಡುವ ಬಂಧುಗಳಲ್ಲಿರುವ ಎಚ್ಚರಿಕೆಗಳಲ್ಲಿ ಬಹುಪಾಲು ಕಿಟ್ಟಿವೇಕ್‌ನಲ್ಲಿ ಕುಂದಿವೆ. ಅದು ಎಚ್ಚರಿಕೆಯ ಕೂಗನ್ನು ಅಪರೂಪಕ್ಕೆ ಹಾಕುತ್ತದೆ, ಶತ್ರುವಿನ ಮೇಲೆ ಎರಗುವುದು ಕಡಿಮೆ, ಒಡೆದ ಚಿಪ್ಪನ್ನು ಎತ್ತಿ ಒಯ್ಯುವುದಿಲ್ಲ, ಗೂಡಿನ ಅಂಚೆಲ್ಲ ಹಿಕ್ಕೆಯಿಂದ ಬೆಳ್ಳಗಾಗಿದ್ದರೂ ಚಿಂತೆಯಿಲ್ಲ. ಮರಿಗಳಿಗೆ ನೆಲದ ಬಣ್ಣದ ಮಚ್ಚೆಗಳಿಲ್ಲ. ಅವು ಬೂದು ಬಿಳುಪಿನಲ್ಲಿ ದೂರಕ್ಕೇ ಹೊಳೆಯುತ್ತವೆ. ಅಪಾಯ ಕಂಡರೆ ಓಡುವುದೂ ಇಲ್ಲ, ಓಡಿದರೆ ಬಂಡೆಯಿಂದ ಬೀಳುವುದೇ ಗತಿ.

ಲೈಟ್‌ಹೌಸಿನ ಬಳಿಯ ನೋಟದ ಕಟ್ಟೆಯಿಂದ ಕಿಟ್ಟಿವೇಕ್‌ಗಳನ್ನು ನೋಡಲು ಮರೆಯಬಾರದು. ಟರ್ನ್‌ಗಳ ಗದ್ದಲದಿಂದ ನೇರವಾಗಿ ಅಲ್ಲಿಗೆ ಹೋದರೆ ಅದೇ ಸೀಗಲ್ ಮೇಲೆ ಹಾದುಹೋದಾಗ ಇಲ್ಲಿನ ಹಕ್ಕಿಗಳು ಕತ್ತು ತಿರುಗಿಸಿ ನೋಡಿ ಸುಮ್ಮನೆ ಕುಳಿತುಕೊಳ್ಳುವುದು ಕಣ್ಣಿಗೆ ಕಟ್ಟುತ್ತದೆ. ಅಂಜಿಕೆಯೂ ಧೈರ್ಯವೂ ಹಕ್ಕಿಯ ಸ್ವಭಾವ ಎಂಬುದಕ್ಕಿಂತ, ಅದು ಮೊಟ್ಟೆಯಿಡಲು ಆರಿಸಿಕೊಂಡ ಜಾಗದ ಪರಿಣಾಮ ಎಂಬುದು ಇಲ್ಲಿ ಪುಸ್ತಕದ ಹಂಗಿಲ್ಲದೆ ಮನದಟ್ಟಾಗುತ್ತದೆ. ನನ್ನ ಮಟ್ಟಿಗೆ ಇಡೀ ಯಾನದಲ್ಲಿ ಹೆಚ್ಚು ಬೆಲೆಬಾಳುವ ಕೆಲವು ನಿಮಿಷಗಳು ಇವೇ.

ಐಡರ್ ಬಾತುಗಳ ಉಪಾಯ ಇನ್ನೊಂದು ತರಹದ್ದು. ಕಂದು ಬಣ್ಣದ ಹೆಣ್ಣು ಐಡರ್ ಹುಲ್ಲಿನ ನಡುವೆ, ಹಲವು ಸಲ ಟರ್ನ್‌ಗಳ ಮಧ್ಯದಲ್ಲೇ, ಕಲ್ಲಿನಂತೆ ಕದಲದೆ ಕುಳಿತಿರುತ್ತದೆ. ಮೇಲೆ ಸೀಗಲ್ ಬಂದರೂ ಅದು ಏಳುವುದಿಲ್ಲ. ಎದ್ದರೆ ಮೊಟ್ಟೆ ಕಾಣುತ್ತದೆ. ನೆರೆಯ ಟರ್ನ್‌ಗಳ ಕೋಪ ಅದಕ್ಕೆ ಪುಕ್ಕಟೆ ಕಾವಲು. ಸ್ಯಾಂಡ್‌ವಿಚ್ ಟರ್ನ್‌ಗಳೂ ಹೀಗೆಯೇ: ಸ್ವತಃ ಅಷ್ಟು ಜಗಳಗಂಟಿಯಲ್ಲದ ಈ ಹಕ್ಕಿಗಳು ಆರ್ಕ್ಟಿಕ್ ಟರ್ನ್ ಅಥವಾ ಕಪ್ಪುತಲೆಯ ಸೀಗಲ್‌ಗಳ ಪಕ್ಕದಲ್ಲಿ ಒತ್ತೊತ್ತಾಗಿ ನೆಲೆಯೂರುತ್ತವೆ. ಕಪ್ಪುತಲೆಯ ಸೀಗಲ್ ಸಂದರ್ಭ ಸಿಕ್ಕರೆ ಟರ್ನ್ ಮರಿಯನ್ನೇ ನುಂಗುವಂಥದ್ದು. ಆದರೂ ದೊಡ್ಡ ಶತ್ರುವನ್ನು ಓಡಿಸುವ ಸಣ್ಣ ಶತ್ರುವಿನ ನೆರೆಹೊರೆ ಒಟ್ಟಾರೆ ಲಾಭವೇ ಎಂಬುದು ಅವುಗಳ ಆಯ್ಕೆಯಿಂದ ತಿಳಿಯುತ್ತದೆ. ಏಳನೆಯ ಶತಮಾನದಲ್ಲಿ ಈ ದ್ವೀಪದಲ್ಲಿ ಒಂಟಿಯಾಗಿ ಬಾಳಿ 687ರಲ್ಲಿ ಇಲ್ಲಿಯೇ ತೀರಿಕೊಂಡ ಸಂತ ಕತ್‌ಬರ್ಟ್ ಐಡರ್‌ಗಳನ್ನು ಕಾಪಾಡಿದನೆಂದು ಈ ಕಡೆಯ ಜನ ಇಂದಿಗೂ ಅವನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಅವನ ನೆನಪಿನ ಪುಟ್ಟ ಚರ್ಚಿನ ಬಾಗಿಲ ಬಳಿಯೇ ಐಡರ್ ಕಾವಿಗೆ ಕುಳಿತಿರುವುದನ್ನು ಕಂಡಾಗ ಈ ನೆಲದ ಇತಿಹಾಸದ ಬಗ್ಗೆ ಗೌರವ ಮೂಡುತ್ತದೆ.

ಈಗ ಎಲ್ಲರೂ ನೋಡಲು ಬರುವ ಪಫಿನ್. ಮೊಟ್ಟೆ ಮಣ್ಣಿನ ಬಿಲದಲ್ಲಿರುವುದರಿಂದ ಮೇಲೆ ಹಾರುವ ಶತ್ರುವಿನಿಂದ ಅದಕ್ಕೆ ಅಪಾಯ ಕಡಿಮೆ. ಅಪಾಯವಿರುವುದು ಬೆಳೆದ ಹಕ್ಕಿಗೆ, ಅದು ಕಡಲಿನಿಂದ ಬಿಲದ ಬಾಯಿಗೆ ಇಳಿಯುವ ಕೆಲವೇ ಕ್ಷಣಗಳಲ್ಲಿ. ಸುಮಾರು 400 ಗ್ರಾಂ ತೂಗುವ ಪಫಿನ್‌ಅನ್ನು ಗ್ರೇಟ್ ಬ್ಲ್ಯಾಕ್-ಬ್ಯಾಕ್ಡ್ ಗಲ್ ಇಡಿಯಾಗಿ ಹಿಡಿದು ತಿನ್ನಬಲ್ಲದು. ಆದುದರಿಂದ ಪಫಿನ್‌ಗಳು ಒಂಟಿಯಾಗಿ ಬರುವುದನ್ನು ತಪ್ಪಿಸುತ್ತವೆ. ನೂರಾರು ಹಕ್ಕಿಗಳು ಕಾಲೊನಿಯ ಮೇಲೂ ಹತ್ತಿರದ ನೀರಿನ ಮೇಲೂ ದೊಡ್ಡ ಚಕ್ರದಂತೆ ಸುತ್ತುತ್ತಿರುತ್ತವೆ. ಅಷ್ಟರಲ್ಲಿ ಒಂದೊಂದಾಗಿ ಚಕ್ರದಿಂದ ಕಳಚಿಕೊಂಡು ನೇರವಾಗಿ ಬಿಲಕ್ಕೆ ನುಗ್ಗುತ್ತವೆ. ಅಷ್ಟು ಹಕ್ಕಿಗಳ ನಡುವೆ ಒಂದನ್ನು ಗುರಿಯಾಗಿಸುವುದು ಸೀಗಲ್‌ಗೆ ಸುಲಭವಲ್ಲ. ಮರಿ ಹುಟ್ಟಿದ ಮೇಲೆ ಕೊಕ್ಕಿನ ತುಂಬ ಸಣ್ಣ ಮೀನು ಹೊತ್ತು ಬರುವಾಗ ಇನ್ನೊಂದು ಕಾಟ ಎದುರಾಗುತ್ತದೆ. ಬಿಲಗಳ ಬಳಿ ಕಾದು ನಿಂತ ಕಪ್ಪುತಲೆಯ ಸೀಗಲ್‌ಗಳು ಮೀನನ್ನು ಕಿತ್ತುಕೊಳ್ಳಲು ಮೇಲೆ ಬೀಳುತ್ತವೆ. ಇದನ್ನು ನೋಡಬೇಕಾದರೆ ಹಾರುತ್ತಿರುವ ಒಂದು ಪಫಿನ್‌ಅನ್ನು ಆರಿಸಿಕೊಂಡು ಅದು ಇಳಿಯುವವರೆಗೂ ಕಣ್ಣು ಕೀಳದೆ ನೋಡಬೇಕು. ನಿಂತಿರುವ ಪಫಿನ್‌ಗಳ ಚಿತ್ರ ತೆಗೆಯುತ್ತ ಸಮಯ ಕಳೆದರೆ ಇದು ಯಾವುದೂ ಕಾಣುವುದಿಲ್ಲ.

ಗಿಲಿಮಾಟ್‌ಗಳ ದೊಡ್ಡ ಗುಂಪುಗಳನ್ನು ದೋಣಿಯಿಂದಲೇ, ಸ್ಟೇಪಲ್ ದ್ವೀಪದ ಬದಿಯ ಕಂಬಗಳಂತಹ ಬಂಡೆಗಳ ಮೇಲೆ ನೋಡಬೇಕು. ಗೂಡೇ ಇಲ್ಲದೆ ಬರಿಯ ಕಲ್ಲಿನ ಮೇಲೆ ಒಂದೇ ಒಂದು ಮೊಟ್ಟೆಯಿಡುವ ಈ ಹಕ್ಕಿಗಳು ಒಂದು ಚದರ ಮೀಟರಿಗೆ ಇಪ್ಪತ್ತು ಜೋಡಿಯಷ್ಟು ಒತ್ತಾಗಿ ನಿಲ್ಲುತ್ತವೆ. ಆ ಒತ್ತೇ ಅವುಗಳ ಕೋಟೆ. ಸೀಗಲ್ ಮೇಲೆ ಬಂದರೆ ಹಾರುವುದಿಲ್ಲ. ಭುಜಕ್ಕೆ ಭುಜ ತಾಗಿಸಿಕೊಂಡು ಚೂಪಾದ ಕೊಕ್ಕುಗಳನ್ನು ಮೇಲಕ್ಕೆತ್ತಿ ನಿಲ್ಲುತ್ತವೆ. ವೇಲ್ಸಿನ ಸ್ಕೋಮರ್ ದ್ವೀಪದಲ್ಲಿ 1970ರ ದಶಕದಿಂದ ಗಿಲಿಮಾಟ್‌ಗಳನ್ನು ಅಧ್ಯಯನ ಮಾಡುತ್ತ ಬಂದ ಟಿಮ್ ಬರ್ಕ್‌ಹೆಡ್, ಒತ್ತಾಗಿ ನಿಂತ ಗುಂಪುಗಳಲ್ಲಿ ಉಳಿಯುವ ಮರಿಗಳ ಪ್ರಮಾಣ ವಿರಳ ಗುಂಪುಗಳಿಗಿಂತ ಹೆಚ್ಚು ಎಂದು ತೋರಿಸಿದ್ದಾರೆ.

ಈ ಕೋಟೆ ಸೀಗಲ್‌ಗೆ ಜಗ್ಗದು, ಆದರೆ ಹದ್ದಿಗೆ ಒಡೆಯುತ್ತದೆ. ಅದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಬಾಲ್ಟಿಕ್ ಸಮುದ್ರದಲ್ಲಿ, ಸ್ವೀಡನ್ನಿನ ಗಾಟ್‌ಲ್ಯಾಂಡ್ ಬಳಿಯ ಸ್ಟೋರಾ ಕಾರ್ಲ್‌ಸೋ ದ್ವೀಪದಲ್ಲಿ ಸಿಕ್ಕಿದೆ. ಕೋವಿಡ್ ಕಾರಣಕ್ಕೆ 2020ರ ಬೇಸಿಗೆಯಲ್ಲಿ ಆ ದ್ವೀಪಕ್ಕೆ ಬರುವ ಜನ ಶೇಕಡಾ 92ರಷ್ಟು ಕಡಿಮೆಯಾದರು. ಜನರಿಲ್ಲದ ಕಡೆ ಬಿಳಿಬಾಲದ ಕಡಲ ಹದ್ದುಗಳು ಹೆಚ್ಚು ಹೆಚ್ಚಾಗಿ ಬರತೊಡಗಿದವು. ಅವುಗಳ ಸುಳಿದಾಟ ಹಿಂದಿನದಕ್ಕಿಂತ ಸುಮಾರು ಏಳು ಪಟ್ಟಾಯಿತು. ಹದ್ದುಗಳು ಗಿಲಿಮಾಟ್‌ಗಳನ್ನು ಕೊಂದದ್ದಕ್ಕಿಂತ ಹೆದರಿಸಿದ್ದೇ ಹೆಚ್ಚು ಕೇಡಾಯಿತು. ಹದ್ದು ಮೇಲೆ ಹಾದಾಗಲೆಲ್ಲ ಹಕ್ಕಿಗಳು ಬಂಡೆ ಬಿಟ್ಟು ಒಟ್ಟಿಗೆ ಕಡಲಿಗೆ ಹಾರಿದವು, ಮೊಟ್ಟೆಗಳು ಉರುಳಿ ಬಿದ್ದವು, ಉಳಿದವನ್ನು ಹೆರಿಂಗ್ ಗಲ್‌ಗಳೂ ಕಾಗೆಗಳೂ ಎತ್ತಿಕೊಂಡವು. ಆ ವರ್ಷ ಮರಿಗಳ ಪ್ರಮಾಣ ಎಂದಿನ ಸರಾಸರಿಗಿಂತ ಶೇಕಡಾ 26ರಷ್ಟು ಇಳಿಯಿತು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಡಿಡಿಟಿ ಎಂಬ ಕೀಟನಾಶಕ ಮತ್ತು ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕಗಳ ವಿಷದಿಂದ ಅಳಿವಿನ ಅಂಚಿಗೆ ಹೋಗಿದ್ದ ಆ ಹದ್ದುಗಳು ಚೇತರಿಸಿಕೊಂಡದ್ದು ಸಂತೋಷದ ವಿಷಯವೇ. ಅವುಗಳ ಗೆಲುವು ಗಿಲಿಮಾಟ್‌ಗಳಿಗೆ ಹೊಸ ಪರೀಕ್ಷೆಯಾಗಿದೆ ಎಂಬುದೂ ಅಷ್ಟೇ ನಿಜ. ಪ್ರವಾಸಿಗರು ಹಕ್ಕಿಗಳಿಗೆ ತೊಂದರೆ ಮಾತ್ರ ಕೊಡುತ್ತಾರೆ ಎಂದು ನಂಬಿದವರು ಈ ಅಧ್ಯಯನವನ್ನು ಗಮನಿಸಬೇಕು. ಆದರೆ ಸ್ವೀಡನ್ನಿನ ಆ ಲೆಕ್ಕವನ್ನು ಹಾಗೆಯೇ ಎತ್ತಿ ಎಲ್ಲ ದ್ವೀಪಗಳಿಗೂ ಅನ್ವಯಿಸುವುದು ಸರಿಯಲ್ಲ. ಅಲ್ಲಿ ಹದ್ದನ್ನು ದೂರವಿಟ್ಟ ಜನರಿಂದ ಗಿಲಿಮಾಟ್‌ಗಳಿಗೆ ತೊಂದರೆಯಾಗದೆ ಇದ್ದದ್ದು, ಅವರು ಗೊತ್ತುಪಡಿಸಿದ ದಾರಿಯಲ್ಲೇ ನಡೆದು, ದಿನವೂ ಒಂದೇ ರೀತಿ ವರ್ತಿಸುತ್ತ ಬಂದದ್ದರಿಂದ ಗಿಲಿಮಾಟ್‌ಗಳಿಗೆ ಅವರು ಅಭ್ಯಾಸವಾಗಿದ್ದರು ಎಂಬ ಕಾರಣಕ್ಕೆ.

ಸೇವೆಯ ಕೊರತೆಗಳ ಬಗ್ಗೆ ನನಗೆ ಎರಡು ಮಾತು ಹೇಳುವುದಿದೆ. ಒಂದು, ದೋಣಿಯಲ್ಲಿ ಧ್ವನಿವರ್ಧಕದ ಮೂಲಕ ಕೊಡುವ ವಿವರಣೆ. ನಾವು ಹೋದ ದೋಣಿಯಲ್ಲಿ ಸೀಲ್‌ಗಳ ಬಗ್ಗೆ, 1838ರಲ್ಲಿ ಲಾಂಗ್‌ಸ್ಟೋನ್ ಲೈಟ್‌ಹೌಸಿನಿಂದ ತಂದೆಯೊಡನೆ ಹೋಗಿ ಹಡಗು ಒಡೆದವರನ್ನು ಕಾಪಾಡಿದ ಗ್ರೇಸ್ ಡಾರ್ಲಿಂಗ್ ಬಗ್ಗೆ ಪ್ರೀತಿಯಿಂದ ಹೇಳಿದರು. ಹಕ್ಕಿಗಳ ವಿಷಯಕ್ಕೆ ಬಂದಾಗ ಜಾತಿಯ ಹೆಸರು ಮತ್ತು ಸಂಖ್ಯೆಗಳಲ್ಲೇ ಮುಗಿಸಿದರು. ಸೀಗಲ್ ಒಂದು ಗಿಲಿಮಾಟ್ ಬಂಡೆಯ ಮೇಲೆ ಹಾಯುತ್ತಿದ್ದಾಗ ಎಲ್ಲರೂ ಈಗ ಬಂಡೆಯ ಮೇಲ್ಭಾಗ ನೋಡಿ ಎಂಬ ಒಂದು ಮಾತು ಸಾಕಿತ್ತು. ದ್ವೀಪದ ಮೇಲಿನ ಕಾವಲುಗಾರರು ಈ ಕೊರತೆಯನ್ನು ಬಹಳ ಚೆನ್ನಾಗಿ ತುಂಬುತ್ತಾರೆ. ಅವರನ್ನು ಕೇಳಿದರೆ ಯಾವ ಮೂಲೆಯಲ್ಲಿ ಮರಿಗಳಿವೆ, ಯಾವ ಸೀಗಲ್ ದಿನವೂ ಒಂದೇ ಕಡೆ ಕಾಯುತ್ತದೆ ಎಂಬುದನ್ನೂ ಸಂತೋಷದಿಂದ ತಿಳಿಸುತ್ತಾರೆ. ಎರಡನೆಯದು ಸಮಯ. ಒಂದು ಗಂಟೆ ದ್ವೀಪವನ್ನು ಸುತ್ತಲು ಸಾಕು, ಆದರೆ ನಿಂತು ಕಾಯಲು ಸಾಲದು. ಹಕ್ಕಿಗಳ ನೆಮ್ಮದಿಗಾಗಿ ಆ ಮಿತಿ ಇರಲೇಬೇಕು ಎಂಬುದನ್ನು ಒಪ್ಪುತ್ತಲೇ, ಇಡೀ ಸುತ್ತು ಮುಗಿಸುವ ಆಸೆ ಬಿಟ್ಟು ಎರಡೇ ಜಾಗಗಳಲ್ಲಿ ನಿಲ್ಲಿ ಎಂದು ಹೇಳುತ್ತೇನೆ.

ಸಹಪ್ರವಾಸಿಗರಿಗೆ ಒಂದು ವಿನಂತಿ. ಸೆಲ್ಫಿ ಕೋಲನ್ನು ಎತ್ತಿ ಹಿಡಿದು ಟರ್ನ್‌ಗಳನ್ನು ಕೆಣಕಿ ಚಿತ್ರ ತೆಗೆಯುವುದನ್ನು ದಯವಿಟ್ಟು ಮಾಡಬೇಡಿ. ಹಕ್ಕಿ ನಿಮ್ಮೊಡನೆ ಹೋರಾಡುವಷ್ಟು ಹೊತ್ತು ಅದರ ಮೊಟ್ಟೆ ತಣ್ಣಗಾಗುತ್ತಿರುತ್ತದೆ. ಡ್ರೋನ್ ಹಾರಿಸಲು ಇಲ್ಲಿ ಅನುಮತಿಯಿಲ್ಲ, ಅದಕ್ಕೆ ಬಲವಾದ ಕಾರಣವೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೋಲ್ಸಾ ಚಿಕಾ ಎಂಬ ಸಂರಕ್ಷಿತ ಜೌಗಿನಲ್ಲಿ 2021ರ ಮೇ ತಿಂಗಳಲ್ಲಿ ಒಂದು ಡ್ರೋನ್ ಗೂಡುಗಳ ನಡುವೆ ಬಿದ್ದಾಗ ಸಾವಿರಾರು ಎಲಿಗಂಟ್ ಟರ್ನ್‌ಗಳು ಹೆದರಿ ಕಾಲೊನಿಯನ್ನೇ ಬಿಟ್ಟುಹೋದವು, ಸಾವಿರಕ್ಕೂ ಹೆಚ್ಚು ಮೊಟ್ಟೆಗಳು ಹಾಳಾದವು. ಮೇಲಿನಿಂದ ಬರುವ ಅಪರಿಚಿತ ಆಕೃತಿಯನ್ನು ಕಂಡರೆ ಮೊದಲು ಓಡು, ಆಮೇಲೆ ವಿಚಾರಿಸು ಎಂಬುದು ಈ ಹಕ್ಕಿಗಳ ರಕ್ತದಲ್ಲಿದೆ. ಯಂತ್ರವೆಂದು ತಿಳಿದು ಸುಮ್ಮನಿರುವಂತೆ ಅವುಗಳಿಗೆ ಹೇಳಿಕೊಡಲು ಸಾಧ್ಯವಿಲ್ಲ.

ಇಂಗ್ಲೆಂಡಿಗೆ ಹೋಗುವ ಅವಕಾಶವಿಲ್ಲದವರು ನಿರಾಶರಾಗಬೇಕಿಲ್ಲ. ಭದ್ರಾ ಜಲಾಶಯದಲ್ಲಿ ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ತೆರೆದುಕೊಂಡಾಗ ಸಾವಿರಾರು ರಿವರ್ ಟರ್ನ್‌ಗಳು ಅಲ್ಲಿ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಲಕ್ಕವಳ್ಳಿಯಿಂದ ಹೊರಡುವ ದೋಣಿ ಸಫಾರಿಯಲ್ಲಿ ಅವುಗಳನ್ನು ದೂರದಿಂದ ನೋಡಬಹುದು. ಅವು ಕಡಲ ಹಕ್ಕಿಗಳಲ್ಲ, ಸಿಹಿನೀರಿನವು. ಆದರೆ ಮೇಲೆ ಹದ್ದು, ಗರುಡ, ಕಾಗೆಗಳು ಬಂದಾಗ ಗುಂಪುಗೂಡಿ ಏಳುವ ಕ್ರಮ ಅದೇ ಕುಟುಂಬದ್ದು. ಅಲ್ಲಿ ಇಳಿದು ನಡೆಯುವಂತಿಲ್ಲ, ಇಳಿಯಬಾರದು ಕೂಡ. ಬಿಸಿಲು ಸುಡುವ ಕಲ್ಲಿನ ಮೇಲೆ ತಾಯಿ ಎದ್ದು ಹೋದರೆ ಮೊಟ್ಟೆ ತಣ್ಣಗಾಗುವುದಿಲ್ಲ, ಬೇಯುತ್ತದೆ. ಫಾರ್ನ್‌ನಲ್ಲಿ ನಿಂತು ಕಲಿತದ್ದನ್ನು ಭದ್ರೆಯ ದೋಣಿಯಲ್ಲಿ ಕುಳಿತು ದುರ್ಬೀನಿನಿಂದ ಗುರುತಿಸುವುದು ಸಾಧ್ಯ. ಅದರ ತಿರುಗುಮುರುಗು ಕಷ್ಟ.

ಹೋಗುವ ಕಾಲದ ಬಗ್ಗೆ ಹೇಳುವುದಾದರೆ ಮೇ ಮಧ್ಯದಿಂದ ಜುಲೈ ಮೊದಲ ವಾರದವರೆಗಿನ ಅವಧಿ ಒಳ್ಳೆಯದು. ಟರ್ನ್‌ಗಳ ದಾಳಿ ನೋಡಬೇಕೆನ್ನುವವರು ಜೂನ್ ಎರಡನೆಯ ಅರ್ಧವನ್ನು ಆರಿಸಿಕೊಳ್ಳಬೇಕು. ಜುಲೈ ಮುಗಿಯುವಷ್ಟರಲ್ಲಿ ಗಿಲಿಮಾಟ್‌ಗಳು ಹೋಗಿರುತ್ತವೆ, ಪಫಿನ್‌ಗಳೂ ತೆರಳುತ್ತಿರುತ್ತವೆ. ನ್ಯೂಕ್ಯಾಸಲ್‌ನಿಂದ ಸೀಹೌಸಸ್‌ಗೆ ಕಾರಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ. ಕಡಲು ಒರಟಾಗಿದ್ದರೆ ಇಳಿಸುವುದಿಲ್ಲ, ಕೆಲವೊಮ್ಮೆ ಯಾನವೇ ರದ್ದಾಗುತ್ತದೆ. ಹಾಗಾಗಿ ಊರಿನಲ್ಲಿ ಒಂದು ರಾತ್ರಿ ಉಳಿಯುವಂತೆ ಯೋಜಿಸಿಕೊಂಡರೆ ಮರುದಿನದ ದೋಣಿ ಹಿಡಿಯಬಹುದು. ದ್ವೀಪದಲ್ಲಿ ತಿಂಡಿ ಕಾಫಿಯ ಅಂಗಡಿ ಇಲ್ಲ, ನಾಯಿಗಳನ್ನು ಇಳಿಸುವಂತಿಲ್ಲ. ಚಿಕ್ಕ ಮಕ್ಕಳಿಗೆ ಟರ್ನ್‌ಗಳು ಎರಗುವುದು ಭಯ ಹುಟ್ಟಿಸಬಹುದು. ದಪ್ಪ ಬಟ್ಟೆಯ ಟೋಪಿ ಹಾಕಿಸಿ, ದೊಡ್ಡವರ ಪಕ್ಕದಲ್ಲೇ ನಡೆಸಿಕೊಂಡು ಹೋದರೆ ಹಕ್ಕಿಯ ಗುರಿ ಎತ್ತರದವರ ತಲೆಯೇ ಆಗುವುದರಿಂದ ಮಕ್ಕಳು ಕ್ಷೇಮವಾಗಿರುತ್ತಾರೆ. ಎಂಟು ಪಟ್ಟು ಹಿಗ್ಗಿಸುವ ಸಾಧಾರಣ ದುರ್ಬೀನು ಸಾಕು. ಉದ್ದ ಲೆನ್ಸಿನ ಕ್ಯಾಮೆರಾ ಇಲ್ಲಿ ಅಗತ್ಯವಿಲ್ಲ. ಹಕ್ಕಿಗಳು ಅಷ್ಟು ಹತ್ತಿರದಲ್ಲಿರುತ್ತವೆ.